ಮೇಧ್ಯ ಮೂಲಿಕೆಗಳೂ ವಿದ್ಯಾರ್ಥಿಗಳ ಪರೀಕ್ಷಾಭಯವೂ

ವಿದ್ಯೆಯಿರುವೆಡೆಯಲ್ಲಿ ಪರೀಕ್ಷೆಯೂ, ಪರೀಕ್ಷೆಯಿರುವೆಡೆಯಲ್ಲಿ ಭಯವೂ ಎಂದಿನಿಂದಲೋ ಜೊತೆಜೊತೆಯಾಗಿ ಬಂದಿರುವುವು. ಆದರೆ ಆ ಭಯಕ್ಕೆ ಪರೀಕ್ಷೆಯ ಹಿಂದಿನ ವಾರದಲ್ಲಿ ಅಂಗಡಿಯಿಂದ ಮದ್ದನ್ನು ತಂದು ಕುಡಿಸುವ ವಾಡಿಕೆಯು ಮಾತ್ರ ತೀರ ಇತ್ತೀಚಿನದು. ಶಿವರಾತ್ರಿ ಕಳೆದು ಬಿಸಿಲೇರುವ ಹೊತ್ತಿಗೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಮನೆಗಳಲ್ಲಿಯೂ ಪ್ರಸಾದನಿಲಯಗಳಲ್ಲಿಯೂ ಹತ್ತನೆಯ ತರಗತಿಯ ಮಕ್ಕಳ ಮುಖವು ಬಾಡುವುದನ್ನು ಕಾಣದವರಿಲ್ಲ. ಉಂಡ ಅನ್ನ ಜೀರ್ಣವಾಗದು. ಮಲಗಿದರೆ ನಿದ್ರೆ ಬಾರದು. ನಿನ್ನೆ ಬಾಯಿಗೆ ಬಂದ ಪಾಠವು ಇಂದು ನೆನಪಿಗೆ ಬಾರದು. ಆಗ ತಾಯಿತಂದೆಗಳು ಬ್ರಾಹ್ಮಿಯನ್ನು ನೆನೆಯುವರು. ಈ ಮೂಲಿಕೆಗಳಿಗೆ ಪೂರ್ವಿಕರು ಯಾವ ಶಕ್ತಿಯನ್ನು ಹೇಳಿದರು, ಅವುಗಳನ್ನು ಯಾವ ಕ್ರಮದಲ್ಲಿ ಸೇವಿಸಹೇಳಿದರು, ಆ ಕ್ರಮವು ಕಾಲಕ್ರಮದಲ್ಲಿ ಹೇಗೆ ಮಾರ್ಪಟ್ಟಿತು ಎಂಬುದನ್ನು ತಿಳಿದುಕೊಂಡಲ್ಲದೆ ಅವುಗಳಿಂದ ಮಕ್ಕಳಿಗೆ ನಿಜವಾದ ಉಪಕಾರವಾಗಲಾರದು.

ಮೊದಲು ಶಾಸ್ತ್ರವು ಮನಸ್ಸಿನ ವಿಷಯದಲ್ಲಿ ಹೇಳಿರುವುದನ್ನು ನೋಡತಕ್ಕದ್ದು. ಚರಕಸಂಹಿತೆಯು ಔಷಧವನ್ನು ಎರಡು ಬಗೆಯಾಗಿ ವಿಂಗಡಿಸುವುದು. ಆರೋಗ್ಯವಂತನ ಬಲವನ್ನು ವೃದ್ಧಿಪಡಿಸುವುದು ಒಂದು. ರೋಗಿಯ ರೋಗವನ್ನು ಕಳೆಯುವುದು ಇನ್ನೊಂದು. ರಸಾಯನವೆಂಬುದು ಪ್ರಧಾನವಾಗಿ ಮೊದಲನೆಯ ಬಗೆಗೆ ಸೇರಿದುದು. ಬುದ್ಧಿ, ಸ್ಮೃತಿ, ಧೃತಿಗಳನ್ನು ಪೋಷಿಸುವ ಮೇಧ್ಯ ರಸಾಯನಗಳು ಇದರ ಒಂದು ಭಾಗವು. ಉನ್ಮಾದ ಅಪಸ್ಮಾರಾದಿ ರೋಗಗಳಿಗೆ ಹೇಳಿದ ಚಿಕಿತ್ಸೆಯಾದರೋ ಬೇರೆಯ ಅಧ್ಯಾಯಗಳಲ್ಲಿ ಬರುವುದು. ಬ್ರಾಹ್ಮೀಘೃತವು ಚರಕದಲ್ಲಿ ಅಪಸ್ಮಾರದ ಅಧ್ಯಾಯದಲ್ಲಿಯೇ ಹೇಳಲ್ಪಟ್ಟಿರುವುದು. ಒಂದೇ ಸೊಪ್ಪು ಎರಡು ಎಡೆಯಲ್ಲಿಯೂ ಬಂದರೂ ಉದ್ದೇಶವೂ ಸಂಸ್ಕಾರವೂ ಬೇರೆಬೇರೆ. ಪರೀಕ್ಷೆ ಹತ್ತಿರವಾಯಿತೆಂದು ಎದೆ ಡವಗುಟ್ಟುವ ಬಾಲಕನು ರೋಗಿಯಲ್ಲ; ವಾರಗಟ್ಟಲೆ ನಿದ್ರೆಯನ್ನೂ ಆಹಾರವನ್ನೂ ತೊರೆದು ಬದುಕೇ ಬೇಡವೆನ್ನುವ ಬಾಲಕನು ಬರಿಯ ಅಂಜುಬುರುಕನಲ್ಲ. ಈ ಭೇದವನ್ನು ಶಾಸ್ತ್ರಕಾರರು ಮರೆಯಲಿಲ್ಲ. ಇಂದಿನ ಬಳಕೆಯು ಮರೆತಿರುವುದು ಮುಖ್ಯವಾಗಿ ಇದನ್ನೇ.

ಮನಸ್ಸಿನ ದೋಷಗಳಿಗೆ ಜ್ಞಾನ, ವಿಜ್ಞಾನ, ಧೈರ್ಯ, ಸ್ಮೃತಿ, ಸಮಾಧಿಗಳೆಂಬ ಐದನ್ನು ಚರಕವು ಉಪಾಯವಾಗಿ ಎಣಿಸುವುದು. ಈ ಎಣಿಕೆಯಲ್ಲಿ ಒಂದು ಸೊಪ್ಪಿನ ಹೆಸರಾಗಲಿ ಬೇರಿನ ಹೆಸರಾಗಲಿ ಇಲ್ಲವೆಂಬುದು ಗಮನಿಸತಕ್ಕ ವಿಷಯವು. ರೋಗವನ್ನು ಹೆಚ್ಚಿಸುವ ಕಾರಣಗಳಲ್ಲಿ ವಿಷಾದವು ಅಗ್ರಗಣ್ಯವೆಂದೂ, ಮೈಮನಗಳನ್ನು ತಣಿಸುವುದರಲ್ಲಿ ಹರ್ಷವು ಅಗ್ರಗಣ್ಯವೆಂದೂ ಅದೇ ಗ್ರಂಥದ ಸೂತ್ರಸ್ಥಾನವು ಹೇಳುವುದು. ವಿಮಾನಸ್ಥಾನದಲ್ಲಿ ಇನ್ನೊಂದು ಮಾತುಂಟು: ಪಥ್ಯವಾದ ಆಹಾರವನ್ನು ಮಿತಿಯರಿತು ಉಂಡರೂ, ಚಿಂತೆ, ಶೋಕ, ಭಯ, ಕ್ರೋಧ, ಜಾಗರಣೆಗಳಿರುವವನಿಗೆ ಅದು ಜೀರ್ಣವಾಗುವುದಿಲ್ಲ. ರಾತ್ರಿಯೆಲ್ಲ ದೀಪವುರಿಸಿ ಓದುವ ಬಾಲಕನಿಗೆ ಬೆಳಿಗ್ಗೆ ಹೊಟ್ಟೆ ಕೆಡುವುದೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರವು ಬೇಕಾಗಿಲ್ಲ.

ಇನ್ನು ಮೂಲಿಕೆಗಳ ವಿಷಯವು. ಚರಕದ ಚಿಕಿತ್ಸಾಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ನಾಲ್ಕು ಮೇಧ್ಯ ರಸಾಯನಗಳು ಹೇಳಲ್ಪಟ್ಟಿವೆ. ಮಂಡೂಕಪರ್ಣಿಯ ಸ್ವರಸ, ಹಾಲಿನೊಡನೆ ಯಷ್ಟಿಮಧುವಿನ ಚೂರ್ಣ, ಗುಡೂಚಿಯ ರಸ, ಬೇರು ಹೂಗಳೊಡನೆ ಅರೆದ ಶಂಖಪುಷ್ಪಿಯ ಕಲ್ಕ ಎಂಬಿವೇ ಆ ನಾಲ್ಕು; ಇವುಗಳಲ್ಲಿಯೂ ಶಂಖಪುಷ್ಪಿಗೆ ವಿಶೇಷ ಸ್ಥಾನವನ್ನು ಕೊಟ್ಟಿದೆ. ಈ ನಾಲ್ಕರಲ್ಲಿ ಮೂರು ಈ ಸೀಮೆಯ ಹಳ್ಳಿಯ ಕಣ್ಣಳತೆಯಲ್ಲಿಯೇ ಬೆಳೆಯುವಂಥವು. ಮಂಡೂಕಪರ್ಣಿಯೆಂದರೆ ಒಂದೆಲಗ, ಕೆರೆಯ ತೂಬಿನಿಂದ ಹರಿಯುವ ಕಾಲುವೆಯ ಅಂಚಿನಲ್ಲಿ, ಗದ್ದೆಯ ಬದುವಿನಲ್ಲಿ, ತೋಟದ ತೇವದಲ್ಲಿ ನೆಲಕ್ಕೆ ಹತ್ತಿಕೊಂಡು ಹಬ್ಬುವುದು. ಗುಡೂಚಿಯೆಂದರೆ ಅಮೃತಬಳ್ಳಿ, ಹೊಲದ ಬೇಲಿಯ ಮೇಲೆಯೂ ಬೇವಿನ ಮರದ ಮೇಲೆಯೂ ಹಬ್ಬುವುದು. ಶಂಖಪುಷ್ಪಿಯೆಂದು ಈ ಕಡೆಯ ವೈದ್ಯರಲ್ಲಿ ಹಲವರು ತೆಗೆದುಕೊಳ್ಳುವ ವಿಷ್ಣುಕ್ರಾಂತಿಯು ಮಳೆ ಬಿದ್ದ ಮೇಲೆ ಗೋಮಾಳದ ಒಣನೆಲದಲ್ಲಿ ಪುಟ್ಟ ನೀಲಿಯ ಹೂಗಳನ್ನು ಬಿಡುವುದು. ನಾಲ್ಕನೆಯದಾದ ಯಷ್ಟಿಮಧುವು ಮಾತ್ರ ಹೊರನಾಡಿನದು. ಜ್ಯೇಷ್ಠಮಧುವೆಂಬ ಹೆಸರಿನಲ್ಲಿ ಗ್ರಂಥಿಗೆಯಂಗಡಿಯಿಂದ ಬರುವಂಥದು. ಕೆರೆ, ಬೇಲಿ, ಗೋಮಾಳ ಈ ಮೂರೂ ನೆಟ್ಟಗಿದ್ದ ಊರಿಗೆ ಮೇಧ್ಯ ರಸಾಯನಕ್ಕಾಗಿ ಹಣದ ಚೀಲವು ಬೇಕಾಗಿರಲಿಲ್ಲ.

ಇಲ್ಲಿ ಹೆಸರುಗಳ ಗೊಂದಲವೊಂದನ್ನು ಪರಿಹರಿಸಬೇಕಾಗಿದೆ. ಈ ಪ್ರಾಂತದಲ್ಲಿ ಬ್ರಾಹ್ಮಿಯೆಂದರೆ ಬಹುಮಂದಿ ಒಂದೆಲಗವನ್ನೇ ತೋರಿಸುವರು. ಆದರೆ ಸುಶ್ರುತಸಂಹಿತೆಯು ಬ್ರಾಹ್ಮಿಯನ್ನೂ ಮಂಡೂಕಪರ್ಣಿಯನ್ನೂ ಬೇರೆಬೇರೆಯಾಗಿಯೇ ಹೇಳಿದೆ. ಇಂದು ವಿದ್ವಾಂಸರು ಬ್ರಾಹ್ಮಿಯೆಂದು ನಿಶ್ಚಯಿಸಿರುವುದು ನೀರುಬ್ರಾಹ್ಮಿಯನ್ನು. ಇದು ದಪ್ಪನಾದ ಸಣ್ಣ ಎಲೆಗಳೂ ಬಿಳುಪಾದ ಅಥವಾ ತಿಳಿನೀಲಿಯ ಪುಟ್ಟ ಹೂಗಳೂ ಉಳ್ಳ, ಜೌಗಿನಲ್ಲಿ ಹರಡುವ ಸಸ್ಯವು. ಸಸ್ಯಶಾಸ್ತ್ರಜ್ಞರು ಇದನ್ನು ಬಾಕೋಪ ಮೊನ್ನಿಯೇರಿ ಎನ್ನುವರು. ಒಂದೆಲಗವಾದರೋ ದುಂಡಾದ, ಅಂಚು ಕಚ್ಚುಕಚ್ಚಾದ, ಒಂದೊಂದು ತೊಟ್ಟಿಗೆ ಒಂದೊಂದೇ ಎಲೆಯುಳ್ಳ ಸೆಂಟೆಲ್ಲಾ ಏಷ್ಯಾಟಿಕಾ. ಎರಡೂ ಮೇಧ್ಯವೇ; ಆದರೂ ಎರಡೂ ಒಂದಲ್ಲ. ಶಂಖಪುಷ್ಪಿಯ ವಿಷಯದಲ್ಲಿಯೂ ಹೀಗೆಯೇ, ನಾಡುನಾಡಿಗೆ ಬೇರೆಬೇರೆ ಗಿಡಗಳು ಆ ಹೆಸರಿನಿಂದ ನಡೆಯುತ್ತಿವೆ. ಪುಸ್ತಕದಲ್ಲಿ ಓದಿದ ಹೆಸರನ್ನು ನಂಬಿ ಗಿಡವನ್ನು ಕೀಳುವವರು ಮೊದಲು ಬಲ್ಲವರಿಂದ ಗಿಡದ ಗುರುತನ್ನು ತಿಳಿಯುವುದು ಅವಶ್ಯವು.

ಸುಶ್ರುತದ ಚಿಕಿತ್ಸಾಸ್ಥಾನದಲ್ಲಿ ಮೇಧಾಯುಷ್ಕಾಮೀಯವೆಂಬ ಅಧ್ಯಾಯವೇ ಒಂದಿದೆ. ಅಲ್ಲಿ ಮಂಡೂಕಪರ್ಣಿಯನ್ನು ಸೇವಿಸುವವನು ಹಾಲನ್ನು ಅನುಪಾನವಾಗಿಟ್ಟುಕೊಂಡು, ಔಷಧವು ಜೀರ್ಣವಾದ ಮೇಲೆ ಹಾಲು, ತುಪ್ಪ, ಅನ್ನಗಳ ಸಾತ್ತ್ವಿಕಾಹಾರವನ್ನು ಉಣ್ಣುತ್ತ, ಮೂರು ತಿಂಗಳ ಪರ್ಯಂತ ನಿಯಮದಿಂದಿರಬೇಕೆಂದು ಹೇಳಿದೆ. ಹಾಗಿದ್ದವನು ಕೇಳಿದುದನ್ನು ಮರಳಿ ಹೇಳಬಲ್ಲವನಾಗುವನಂತೆ. ಫಲಶ್ರುತಿಯಲ್ಲಿ ಪ್ರಶಂಸೆಯ ಭಾಗವಿರಬಹುದು. ಆದರೆ ಮೂರು ತಿಂಗಳೆಂಬ ಅವಧಿಯು ಅನುಭವದ ಮಾತು. ರಸಾಯನವು ಮಳೆಯಂತೆ ನೆಲವನ್ನು ನೆನೆಸಬೇಕೇ ಹೊರತು ಕೊಡದ ನೀರಿನಂತೆ ಒಮ್ಮೆಗೇ ಸುರಿದು ಹೋಗಬಾರದು. ಚರಕವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆಚಾರ ರಸಾಯನವೆಂಬುದನ್ನು ಹೇಳಿದೆ. ಸತ್ಯವನ್ನಾಡುವುದು, ಕ್ರೋಧವಿಲ್ಲದಿರುವುದು, ಅತ್ಯಾಯಾಸವಿಲ್ಲದಿರುವುದು, ನಿದ್ರೆ ಎಚ್ಚರಗಳು ಸಮವಾಗಿರುವುದು, ಗುರುಹಿರಿಯರಲ್ಲಿ ಆದರವಿರುವುದು ಇವೇ ಸ್ವತಃ ರಸಾಯನವೆಂದೂ, ಇವಿಲ್ಲದವನಿಗೆ ಮೂಲಿಕೆಯ ರಸಾಯನವು ಫಲಿಸದೆಂದೂ ಅದರ ತಾತ್ಪರ್ಯವು.

ಈ ಶಾಸ್ತ್ರವು ಕನ್ನಡನಾಡಿನಲ್ಲಿ ವಿದ್ಯಾಸ್ಥಾನಗಳೊಡನೆ ಹೇಗೆ ಹೊಂದಿಕೊಂಡಿತ್ತೆಂಬುದಕ್ಕೆ ಬಳ್ಳಿಗಾವೆಯ ಕೋಡಿಯಮಠವು ಪ್ರಸಿದ್ಧ ನಿದರ್ಶನವು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಆ ಊರಿನಲ್ಲಿರುವ ೧೧೬೨ನೆಯ ಇಸವಿಯ ಶಾಸನವು ಕೇದಾರೇಶ್ವರದ ಆ ಕಾಳಾಮುಖ ಶೈವಮಠವನ್ನು ವೇದವೇದಾಂಗಗಳ ಮತ್ತು ವ್ಯಾಕರಣ, ನ್ಯಾಯ, ಸಾಂಖ್ಯ, ಯೋಗಾದಿ ಶಾಸ್ತ್ರಗಳ ವ್ಯಾಖ್ಯಾನಸ್ಥಾನವೆಂದು ವರ್ಣಿಸುವುದಲ್ಲದೆ, ದೀನರಿಗೂ ಅನಾಥರಿಗೂ ಅನ್ನವನ್ನಿಕ್ಕುವ ಸ್ಥಾನವೆಂದೂ, ನಾನಾರೋಗಗಳಿಂದ ಬಳಲುವವರಿಗೆ ಔಷಧವನ್ನು ಕೊಡುವ ಸ್ಥಾನವೆಂದೂ ವರ್ಣಿಸುವುದು. ಪಾಠ, ಪ್ರಸಾದ, ಔಷಧ ಈ ಮೂರೂ ಒಂದೇ ಸೂರಿನ ಕೆಳಗೆ ನಡೆಯುತ್ತಿದ್ದುವೆಂಬುದು ಇದರಿಂದ ಸ್ಪಷ್ಟವಾಗುವುದು. ಅದೇ ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ವೈದ್ಯವೃತ್ತಿಯ ಪರಿಭಾಷೆಯನ್ನೇ ಆತನು ತನ್ನ ವಚನಗಳಲ್ಲಿ ಅನುಭಾವಕ್ಕೆ ಉಪಯೋಗಿಸಿಕೊಂಡಿರುವನು. ಕಾಯಕವೆಂದು ವೈದ್ಯವನ್ನು ಹಿಡಿದವನಿಗೆ ದೇಹದ ರೋಗವೂ ಭವದ ರೋಗವೂ ಬೇರೆಯಾಗಿ ತೋರಲಿಲ್ಲ.

ಕನ್ನಡದಲ್ಲಿ ವೈದ್ಯಗ್ರಂಥಗಳಿಗೂ ಕೊರತೆಯಿಲ್ಲ. ಜಗದ್ದಳ ಸೋಮನಾಥನು ಹನ್ನೆರಡನೆಯ ಶತಮಾನದಲ್ಲಿ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷಚಿಕಿತ್ಸೆಯನ್ನು ಕನ್ನಡ ಪದ್ಯಗಳಿಂದ ನಿರೂಪಿಸಿದನು. ವೀರಶೈವ ವೈದ್ಯನಾದ ಬಸವರಾಜನ ಬಸವರಾಜೀಯವು ತೆಲುಗು ನಾಡಿನಲ್ಲಿ ವೈದ್ಯರ ಕೈಹೊತ್ತಗೆಯಾಗಿ ನಡೆಯಿತು. ಕೆಳದಿಯ ಬಸವಪ್ಪನಾಯಕನು ೧೭೦೯ರಲ್ಲಿ ಪೂರೈಸಿದ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ವೈದ್ಯಕ್ಕೂ ಎಡೆಯುಂಟು. ಶಾಸ್ತ್ರವು ಪಂಡಿತರ ಓಲೆಯಲ್ಲಿಯೇ ಉಳಿಯದೆ ಮನೆಯ ಅಡಿಗೆಮನೆಗೂ ಇಳಿಯಿತು. ಹಸುಗೂಸಿಗೆ ಬಜೆಯನ್ನು ತೇದು ನಾಲಿಗೆಗೆ ಸವರುವುದು, ಒಂದೆಲಗವನ್ನು ಚಟ್ನಿಯಾಗಿಯೋ ಮಜ್ಜಿಗೆಯೊಡನೆ ತಂಬುಳಿಯಾಗಿಯೋ ಉಣ್ಣುವುದು ಇವೆಲ್ಲ ವೈದ್ಯನ ಚೀಟಿಯಿಲ್ಲದೆ ನಡೆದುಬಂದ ಪದ್ಧತಿಗಳು. ಬೆರಕೆಸೊಪ್ಪನ್ನು ಆರಿಸಲು ಹೊಲದ ಬದುಗಳಿಗೆ ಹೋಗುವ ಈ ಸೀಮೆಯ ಹೆಂಗಸರಿಗೆ ಯಾವ ಸೊಪ್ಪು ಯಾವ ಕಾಲದಲ್ಲಿ ಎಳೆಯದಾಗಿರುವುದೆಂಬುದು ಬಾಯಿಪಾಠವು.

ಆ ಕಾಲದ ಪರೀಕ್ಷೆಯ ಸ್ವರೂಪವೂ ಇಂದಿನಂತಿರಲಿಲ್ಲ. ಸಂಸ್ಕೃತ ವಿದ್ವಾಂಸರಲ್ಲಿ ಶಲಾಕಾಪರೀಕ್ಷೆಯೆಂಬುದೊಂದು ಪ್ರಸಿದ್ಧವಾಗಿದ್ದಿತು. ತಾಳೆಯ ಗರಿಯ ಗ್ರಂಥದೊಳಕ್ಕೆ ಒಂದು ಕಡ್ಡಿಯನ್ನು ತೂರಿಸಿ, ಅದು ಮುಟ್ಟಿದ ಗರಿಯ ವಿಷಯವನ್ನು ಶಿಷ್ಯನು ವಿವರಿಸಬೇಕು. ಯಾವ ಗರಿ ಬರುವುದೆಂದು ಯಾರೂ ಅರಿಯರು. ಆದುದರಿಂದ ಕೊನೆಯ ವಾರದ ಓದಿನಿಂದ ಪ್ರಯೋಜನವಿರಲಿಲ್ಲ. ಹಳ್ಳಿಗಳ ಕೂಲಿಮಠಗಳಲ್ಲಿ ಒಬ್ಬರೇ ಅಯ್ಯನವರು ಮಕ್ಕಳಿಗೆ ಮರಳಿನ ಮೇಲೆ ಅಕ್ಷರವನ್ನು ತಿದ್ದಿಸಿ, ಮಗ್ಗಿಯನ್ನೂ ಅಮರವನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ಮಹಾನವಮಿಯಲ್ಲಿ ಮಕ್ಕಳು ಮನೆಮನೆಗೆ ಹೋಗಿ ಚೌಪದವನ್ನು ಹಾಡಿ ಗುರುದಕ್ಷಿಣೆಯನ್ನು ತರುತ್ತಿದ್ದರು. ಹಾಗೆಂದು ಆ ಕಾಲದಲ್ಲಿ ಮಕ್ಕಳಿಗೆ ಭಯವಿರಲಿಲ್ಲವೆನ್ನಲಾಗದು. ಬೆತ್ತವೂ ಇದ್ದಿತು, ಕೋದಂಡಕ್ಕೇರಿಸುವ ಕ್ರೂರ ಶಿಕ್ಷೆಯೂ ಇದ್ದಿತು. ಆದರೆ ಆ ಭಯವು ದಿನದಿನದ್ದು. ಅಂದಂದಿಗೆ ಬಂದು ಅಂದಂದಿಗೆ ಹೋಗುವಂಥದು. ಹತ್ತು ವರ್ಷದ ಓದಿನ ಫಲವನ್ನೆಲ್ಲ ಕೆಲವು ದಿನಗಳಲ್ಲಿ, ಕಾಣದ ಪರೀಕ್ಷಕನ ಮುಂದೆ, ಅಂಕಿಗಳಲ್ಲಿ ನಿರ್ಣಯಿಸುವ ವ್ಯವಸ್ಥೆಯು ಆಗ ಇರಲಿಲ್ಲ.

ಆ ವ್ಯವಸ್ಥೆಯು ಬಂದುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ೧೮೫೭ರಲ್ಲಿ ಮದರಾಸಿನ ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆ ಅದರ ಮೆಟ್ರಿಕ್ಯುಲೇಷನ್ ಪರೀಕ್ಷೆಯು ಮೈಸೂರು ಸೀಮೆಯ ವಿದ್ಯಾರ್ಥಿಗಳಿಗೂ ಸರಕಾರದ ಉದ್ಯೋಗದ ಹೆಬ್ಬಾಗಿಲಾಯಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿತು. ೧೯೬೬ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಲಿಯು ಏರ್ಪಟ್ಟು ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ನಾಡಿನಾದ್ಯಂತ ನಡೆಸತೊಡಗಿತು. ಮಠಗಳು ಈ ಮಾರ್ಪಾಡಿಗೆ ಬೆನ್ನು ತಿರುಗಿಸಲಿಲ್ಲ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟದಿಂದ ಬಹುದೂರವಿಲ್ಲದ ಸಿದ್ಧಗಂಗೆಯಲ್ಲಿ, ೧೯೩೦ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ ೨೦೧೯ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಸಾವಿರಾರು ಬಡಮಕ್ಕಳಿಗೆ ಅನ್ನವನ್ನೂ ವಸತಿಯನ್ನೂ ಅಕ್ಷರವನ್ನೂ ಒದಗಿಸಿದುದು ಲೋಕವಿದಿತವು. ಈ ಸೀಮೆಯ ಎಷ್ಟೋ ಮನೆತನಗಳಲ್ಲಿ ಮೊದಲ ಬಾರಿಗೆ ಪರೀಕ್ಷೆ ಕಟ್ಟಿದವರು ಇಂಥ ಪ್ರಸಾದನಿಲಯಗಳಲ್ಲಿ ಉಂಡವರೇ. ಅಂಥ ಬಾಲಕನ ಹೆಗಲ ಮೇಲೆ ತನ್ನ ಪುಸ್ತಕದ ಭಾರದೊಡನೆ ಮನೆಯವರ ಆಸೆಯ ಭಾರವೂ ಇರುವುದು. ಅವನ ಭಯವನ್ನು ದೌರ್ಬಲ್ಯವೆಂದು ಹಳಿಯುವುದು ಅನ್ಯಾಯವು.

ಪರೀಕ್ಷೆಯು ಹೀಗೆ ಗುರುವಿನ ಸನ್ನಿಧಿಯಿಂದ ದೂರದ ಮಂದಿರಕ್ಕೆ ಹೋದ ಕಾಲದಲ್ಲಿಯೇ ಮೂಲಿಕೆಯೂ ಕೆರೆಯಂಚಿನಿಂದ ಸೀಸೆಯೊಳಕ್ಕೆ ಸೇರಿತು. ೧೯೦೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಸ್ಥಾಪಿತವಾಗಿ, ಪರಂಪರೆಯ ವೈದ್ಯವು ಪಾಠಪಟ್ಟಿಯನ್ನು ಪಡೆಯಿತು. ೧೯೪೦ರ ಔಷಧ ಕಾಯಿದೆಗೆ ೧೯೬೪ರಲ್ಲಿ ಆದ ತಿದ್ದುಪಡಿಯಿಂದ ಆಯುರ್ವೇದ ಔಷಧಗಳ ತಯಾರಿಕೆಯೂ ಕಾನೂನಿನ ಹತೋಟಿಗೆ ಬಂದಿತು. ೧೯೩೦ರಲ್ಲಿ ಡೆಹರಾಡೂನಿನಲ್ಲಿ ಆರಂಭವಾದ ಹಿಮಾಲಯ ಔಷಧ ಕಂಪೆನಿಯು ೧೯೭೫ರಲ್ಲಿ ಬೆಂಗಳೂರಿನಿಂದ ನೆಲಮಂಗಲಕ್ಕೆ ಹೋಗುವ ಹೆದ್ದಾರಿಯ ಮಾಕಳಿಯಲ್ಲಿ ಕಾರ್ಖಾನೆಯನ್ನು ತೆರೆಯಿತು. ಬ್ರಾಹ್ಮಿ ಮೊದಲಾದವುಗಳಿಂದ ಮಾಡಿದ ಗುಳಿಗೆಗಳೂ ಪಾನಕಗಳೂ ಹಲವು ಕಂಪೆನಿಗಳ ಹೆಸರಿನಲ್ಲಿ ಹಳ್ಳಿಯ ಔಷಧದಂಗಡಿಯವರೆಗೆ ಬಂದಿವೆ. ಇದರಿಂದ ಒಳ್ಳೆಯದೂ ಆಗಿದೆ: ಔಷಧದ ಪ್ರಮಾಣವು ಒಂದು ಕ್ರಮಕ್ಕೆ ಬಂದಿತು, ಪಟ್ಟಣದಲ್ಲಿರುವವರಿಗೂ ಅದು ಸಿಕ್ಕಿತು. ಕೆಟ್ಟುದು ಯಾವುದೆಂದರೆ ಸೇವನೆಯ ಕಾಲವು. ವರ್ಷವಿಡೀ ಎಲೆಯಲ್ಲಿ ಬಡಿಸುತ್ತಿದ್ದ ಸೊಪ್ಪು ಫಾಲ್ಗುಣಮಾಸದ ಒಂದು ತಿಂಗಳಿನ ಸೀಸೆಯಾಯಿತು.

ಈ ಕಾಲದ ಪ್ರಯೋಗಶಾಸ್ತ್ರವು ಈ ವಿಷಯದಲ್ಲಿ ಏನು ಹೇಳುವುದೆಂಬುದನ್ನೂ ಪಕ್ಷಪಾತವಿಲ್ಲದೆ ನೋಡತಕ್ಕದ್ದು. ೧೯೬೩ರಲ್ಲಿ ಲಕ್ನೋ ನಗರದ ಕೇಂದ್ರೀಯ ಔಷಧ ಸಂಶೋಧನಾಲಯದ ವಿಜ್ಞಾನಿಗಳು ನೀರುಬ್ರಾಹ್ಮಿಯ ರಾಸಾಯನಿಕ ಅಂಶಗಳನ್ನು ಬೇರ್ಪಡಿಸಿದ ವರದಿಯನ್ನು ಪ್ರಕಟಿಸಿದರು. ಅದರ ಮುಖ್ಯ ಸಾರಕ್ಕೆ ಬಾಕೋಸೈಡುಗಳೆಂದು ಹೆಸರು. ೨೦೦೧ರಲ್ಲಿ ಆಸ್ಟ್ರೇಲಿಯಾ ದೇಶದಲ್ಲಿ ೪೬ ಮಂದಿ ಆರೋಗ್ಯವಂತ ಪ್ರಾಪ್ತವಯಸ್ಕರ ಮೇಲೆ ನಡೆದ ಪರೀಕ್ಷೆಯಲ್ಲಿ ಕೆಲವರಿಗೆ ಬ್ರಾಹ್ಮಿಯ ಸಾರವನ್ನು ದಿನಕ್ಕೆ ೩೦೦ ಮಿಲಿಗ್ರಾಮಿನಂತೆಯೂ, ಉಳಿದವರಿಗೆ ಹುಸಿಗುಳಿಗೆಯನ್ನೂ ಕೊಟ್ಟು ನೋಡಿದರು. ಕಲಿಯುವ ವೇಗವು ಹೆಚ್ಚಿದುದೂ ಆತಂಕವು ತಗ್ಗಿದುದೂ ಚೆನ್ನಾಗಿ ತೋರಿದುದು ೧೨ ವಾರಗಳಾದ ಮೇಲೆಯೇ. ಅದೇ ವರ್ಷ ಅದೇ ದೇಶದಲ್ಲಿ, ಒಂದೇ ಸಲ ಅದೇ ಪ್ರಮಾಣವನ್ನು ಕೊಟ್ಟು ಎರಡು ಗಂಟೆಯ ತರುವಾಯ ಪರೀಕ್ಷಿಸಿದಾಗ ಗಣನೀಯವಾದ ಯಾವ ಪರಿಣಾಮವೂ ಕಾಣಲಿಲ್ಲ. ೧೨ ವಾರಗಳೆಂದರೆ ಹೆಚ್ಚು ಕಡಿಮೆ ಮೂರು ತಿಂಗಳು. ಸುಶ್ರುತವು ಮೂರು ತಿಂಗಳನ್ನು ಹೇಳಿದುದು ಮಂಡೂಕಪರ್ಣಿಗೆ, ಈ ಪ್ರಯೋಗವು ನಡೆದುದು ನೀರುಬ್ರಾಹ್ಮಿಯಿಂದ. ಗಿಡಗಳು ಬೇರೆಯಾದರೂ ಎರಡರ ಪಾಠವೂ ಒಂದೇ: ಈ ಬಗೆಯ ಮೂಲಿಕೆಯು ತಾಳ್ಮೆಯನ್ನು ಬೇಡುವುದು. ಪರೀಕ್ಷೆಯ ಬೆಳಿಗ್ಗೆ ಕುಡಿಸಿದ ಚಮಚೆಯಿಂದ ಜ್ಞಾಪಕಶಕ್ತಿಯು ಹುಟ್ಟುವುದೆಂಬುದಕ್ಕೆ ಶಾಸ್ತ್ರದ ಆಧಾರವೂ ಇಲ್ಲ, ಪ್ರಯೋಗದ ಆಧಾರವೂ ಇಲ್ಲ.

ಒಂದೆಲಗದ ವಿಷಯದಲ್ಲಿ ೨೦೦೦ನೆಯ ಇಸವಿಯಲ್ಲಿ ಕೆನಡಾ ದೇಶದಲ್ಲಿ ನಡೆದ ಪರೀಕ್ಷೆಯೊಂದು ಪ್ರಕಟವಾಯಿತು. ಸೇವಿಸಿದವರು ಹಠಾತ್ತಾದ ಶಬ್ದಕ್ಕೆ ಬೆಚ್ಚುವುದು ಕಡಿಮೆಯಾಯಿತು. ಆದರೆ ಅವರು ತಾವೇ ಹೇಳಿಕೊಂಡ ಮನೋಭಾವದಲ್ಲಿ ವ್ಯತ್ಯಾಸವು ಕಾಣಲಿಲ್ಲ. ಹಿರೇಮದ್ದಿನ ಗಿಡವೆಂದು ಕನ್ನಡದಲ್ಲಿ ಕರೆಯುವ ಅಶ್ವಗಂಧದ ಬೇರಿನ ಸಾರವನ್ನು ೬೪ ಮಂದಿಯ ಒಂದು ಗುಂಪಿನಲ್ಲಿ ೬೦ ದಿನ ಪರೀಕ್ಷಿಸಿ, ಹುಸಿಗುಳಿಗೆಯನ್ನು ತೆಗೆದುಕೊಂಡವರಿಗಿಂತ ಅದನ್ನು ಸೇವಿಸಿದವರಲ್ಲಿ ಮನಸ್ಸಿನ ಒತ್ತಡವು ತಗ್ಗಿತೆಂದು ೨೦೧೨ರಲ್ಲಿ ಭಾರತದ ವೈದ್ಯರು ವರದಿ ಮಾಡಿದರು. ಈ ಪ್ರಯೋಗಗಳೆಲ್ಲವೂ ಚಿಕ್ಕವು. ವಯಸ್ಕರ ಮೇಲೆ ನಡೆದವು. ಹದಿನೈದರ ಬಾಲಕಬಾಲಕಿಯರ ಪರೀಕ್ಷಾಭಯಕ್ಕೆ ಇವನ್ನು ಹಾಗೆಯೇ ಅನ್ವಯಿಸಿಬಿಡುವುದು ವಿವೇಕವಲ್ಲ.

ಸೊಪ್ಪಿನ ಮದ್ದೆಂದ ಮಾತ್ರಕ್ಕೆ ನಿರಪಾಯ ಎಂಬ ನಂಬಿಕೆಯೂ ಸರಿಯಲ್ಲ. ನೀರುಬ್ರಾಹ್ಮಿಯ ಸಾರದಿಂದ ಕೆಲವರಿಗೆ ಹೊಟ್ಟೆ ತೊಳಸುವುದೂ ಭೇದಿಯೂ ಉಂಟಾಗುವುವು. ಅಶ್ವಗಂಧದಿಂದ ಅಪರೂಪವಾಗಿ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು ವರದಿಯಾಗಿವೆ. ಗುರಾಣಿಗ್ರಂಥಿಯ ರೋಗವಿರುವವರೂ ಗರ್ಭಿಣಿಯರೂ ಅದನ್ನು ತಮ್ಮಷ್ಟಕ್ಕೆ ತಾವೇ ಸೇವಿಸಕೂಡದು. ೨೦೨೩ರಲ್ಲಿ ಡೆನ್ಮಾರ್ಕ್ ದೇಶವು ಅದರ ಮಾರಾಟವನ್ನೇ ನಿಷೇಧಿಸಿತು. ಬಜೆಯಲ್ಲಿರುವ ಅಸರೋನ್ ಎಂಬ ವಸ್ತುವಿನ ಕಾರಣದಿಂದ ಅಮೆರಿಕದ ಸರಕಾರವು ೧೯೬೮ರಲ್ಲಿ ಅದನ್ನು ಆಹಾರದಲ್ಲಿ ಬೆರೆಸುವುದನ್ನು ತಡೆಯಿತು. ಇವೆಲ್ಲವನ್ನೂ ಪರದೇಶದವರ ದ್ವೇಷವೆಂದು ತಳ್ಳಿಹಾಕಲಾಗದು. ಯುಕ್ತಿಯಿಲ್ಲದೆ ಕೊಟ್ಟ ಔಷಧವು ವಿಷಕ್ಕೆ ಸಮವೆಂಬುದು ನಮ್ಮ ವೈದ್ಯಶಾಸ್ತ್ರದ್ದೇ ಸಿದ್ಧಾಂತವು. ದೇಶ, ಕಾಲ, ವಯಸ್ಸು, ಬಲ, ಅಗ್ನಿ ಇವನ್ನು ನೋಡದೆ, ಬಲ್ಲ ವೈದ್ಯನನ್ನು ಕೇಳದೆ ಚೂರ್ಣಸಾರಗಳನ್ನು ಮಕ್ಕಳಿಗೆ ಕೊಡತಕ್ಕದ್ದಲ್ಲ.

ಅಡಿಗೆಯ ಸೊಪ್ಪಾಗಿ ಒಂದೆಲಗವನ್ನು ಉಣಿಸುವುದಕ್ಕೂ ಇಂದು ಒಂದು ವಿಘ್ನವು ಬಂದೊದಗಿದೆ. ನೀರುಬ್ರಾಹ್ಮಿ, ಒಂದೆಲಗಗಳು ತಾವು ನಿಂತ ನೀರು ಮಣ್ಣುಗಳಲ್ಲಿರುವ ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳನ್ನು ಹೀರಿಕೊಳ್ಳುವ ಸ್ವಭಾವದವು. ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರವೆಂದು ಬೇರೆಯಾದ ಜಿಲ್ಲೆಯಲ್ಲಿ, ೨೦೦೭ರಲ್ಲಿ ರಾಮನಗರವು ಪ್ರತ್ಯೇಕವಾದ ತರುವಾಯ ಉಳಿದ ನಾಲ್ಕು ತಾಲ್ಲೂಕುಗಳೂ ಕೆರೆಗಳ ಸೀಮೆಯೇ. ಇಲ್ಲಿ ಪಟ್ಟಣವು ಬೆಳೆದಂತೆ ಕೆರೆಗಳ ಗತಿಯು ಮಾರ್ಪಟ್ಟಿತು. ದೊಡ್ಡಬಳ್ಳಾಪುರದ ಬಳಿಯ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಪಟ್ಟಣದ ಚರಂಡಿಯ ನೀರೂ ಕಾರ್ಖಾನೆಗಳ ಕೊಳೆಯೂ ಸೇರುತ್ತಿದೆಯೆಂದು ಆ ಊರುಗಳ ಜನರು ಪ್ರತಿಭಟಿಸಿರುವರು. ಹೆಬ್ಬಾಳ ನಾಗವಾರ ಕಣಿವೆಯ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ದೇವನಹಳ್ಳಿ ಮತ್ತು ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ಹರಿದಿದೆ. ಬತ್ತಿದ ಕೆರೆಗೆ ನೀರು ಬಂದುದು ರೈತರಿಗೆ ಸಮಾಧಾನವೇ ಸರಿ. ಆದರೆ ಅಂಥ ಕೆರೆಯಂಚಿನ ಸೊಪ್ಪನ್ನು ಕಿತ್ತು ಮಕ್ಕಳ ಎಲೆಗೆ ಬಡಿಸುವ ಮೊದಲು ಎರಡು ಬಾರಿ ಯೋಚಿಸತಕ್ಕದ್ದು. ಮನೆಯ ಹಿತ್ತಿಲಲ್ಲಿ, ಪ್ರಸಾದನಿಲಯದ ಬಾವಿಕಟ್ಟೆಯ ಬಳಿ, ಒಳ್ಳೆಯ ನೀರು ಹರಿಯುವೆಡೆಯಲ್ಲಿ ಒಂದೆರಡು ಗೇಣು ನೆಲದಲ್ಲಿ ನೆಟ್ಟರೆ ಒಂದೆಲಗವು ತಾನಾಗಿಯೇ ಹಬ್ಬುವುದು.

ಕಾಡಿನ ಮೂಲಿಕೆಗಳ ರಕ್ಷಣೆಯ ಪ್ರಯತ್ನವು ಸಮೀಪದಲ್ಲಿಯೇ ನಡೆದಿದೆ. ೧೯೯೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಸಂಸ್ಥೆಯು ಅರಣ್ಯ ಇಲಾಖೆಯೊಡನೆ ಸೇರಿ ಔಷಧಿಸಸ್ಯಗಳ ಸಂರಕ್ಷಣಾ ಕ್ಷೇತ್ರಗಳನ್ನು ಏರ್ಪಡಿಸಿತು. ಅಂದು ಇದೇ ಜಿಲ್ಲೆಗೆ ಸೇರಿದ್ದ ಮಾಗಡಿ ತಾಲ್ಲೂಕಿನ ಸಾವನದುರ್ಗವು ಅವುಗಳಲ್ಲಿ ಒಂದು. ಆದರೆ ಒಂದೆಲಗ, ವಿಷ್ಣುಕ್ರಾಂತಿ, ಅಮೃತಬಳ್ಳಿಗಳನ್ನು ಕಾಯತಕ್ಕವರು ಅರಣ್ಯದ ಅಧಿಕಾರಿಗಳಲ್ಲ. ಕೆರೆ, ಗೋಮಾಳ, ಬೇಲಿಗಳನ್ನು ಉಳಿಸಿಕೊಳ್ಳಬೇಕಾದ ಊರಿನವರೇ.

ಈ ಚರಿತ್ರೆಯಿಂದ ಪ್ರಸಾದನಿಲಯಗಳಿಗೂ ಮನೆಗಳಿಗೂ ದೊರೆಯುವ ಪಾಠವೇನೆಂದರೆ, ಮೂಲಿಕೆಯು ದಿನಚರ್ಯೆಯ ಒಂದು ಅಂಗವೇ ಹೊರತು ದಿನಚರ್ಯೆಗೆ ಬದಲಾಗಿ ಬರತಕ್ಕುದಲ್ಲ. ಆಹಾರ, ನಿದ್ರೆ, ಬ್ರಹ್ಮಚರ್ಯಗಳೆಂಬ ಮೂರನ್ನು ಚರಕವು ದೇಹದ ಆಧಾರಸ್ತಂಭಗಳೆಂದಿದೆ. ಆರತಿಂಗಳ ಮುಂಚಿನಿಂದಲೇ ವಾರಕ್ಕೆ ಎರಡು ಬಾರಿ ಒಂದೆಲಗದ ಚಟ್ನಿಯನ್ನು ರಾಗಿಯ ಮುದ್ದೆಯೊಡನೆ ಬಡಿಸುವ ಪ್ರಸಾದನಿಲಯವು, ರಾತ್ರಿ ಹತ್ತಕ್ಕೆ ದೀಪವಾರಿಸುವುದನ್ನೂ ಕಲಿಸಬೇಕು. ಬೆಳಗಿನ ಜಾವದಲ್ಲಿ ಎದ್ದು ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನಿಲಿಸುವ ಶಿವಯೋಗದ ಅಭ್ಯಾಸವು ಚರಕವು ಹೇಳಿದ ಸಮಾಧಿಯೆಂಬ ಉಪಾಯಕ್ಕೆ ಅತಿ ಸಮೀಪವಾದುದು. ಅದನ್ನು ಪರೀಕ್ಷೆಯ ಕಾಲದಲ್ಲಿ ಓದಿಗೆ ಹೊತ್ತು ಸಾಲದೆಂದು ಬಿಡಿಸುವುದು ಬೇರನ್ನು ಕಡಿದು ಹಣ್ಣನ್ನು ಬಯಸಿದಂತೆ. ಎಲ್ಲಕ್ಕಿಂತಲೂ ಹೆಚ್ಚಾಗಿ, ಅಂಕಗಳು ಕಡಿಮೆಯಾದರೂ ಈ ಬಾಗಿಲು ನಿನಗೆ ಮುಚ್ಚುವುದಿಲ್ಲವೆಂಬ ಮಾತನ್ನು ಪ್ರತಿಯೊಬ್ಬ ಬಾಲಕನೂ ಬಾಲಕಿಯೂ ಪರೀಕ್ಷೆಗೆ ಮೊದಲೇ ಹಿರಿಯರ ಬಾಯಿಂದ ಕೇಳಿರಬೇಕು. ವಿಷಾದವು ರೋಗವನ್ನು ಬೆಳೆಸುವುದರಲ್ಲಿ ಅಗ್ರಗಣ್ಯವಾದರೆ, ಈ ಮಾತು ಅದಕ್ಕೆ ಮೊದಲನೆಯ ಮದ್ದು. ಸರಕಾರವೂ ೨೦೨೪ರಲ್ಲಿ ಒಂದು ವಾರ್ಷಿಕ ಪರೀಕ್ಷೆಯ ಬದಲು ಮೂರು ಪರೀಕ್ಷೆಗಳ ಅವಕಾಶವನ್ನು ಕೊಟ್ಟುದು, ಒಂದೇ ದಿನದ ಸೋಲು ಬಾಳಿನ ಸೋಲಾಗಬಾರದೆಂಬ ತತ್ತ್ವಕ್ಕೆ ಒಪ್ಪುವಂಥ ಕಾರ್ಯವೇ.

ಭಯವು ಭಯದ ಎಲ್ಲೆಯನ್ನು ಮೀರಿ ರೋಗವಾದಾಗ ಮಾತ್ರ ಸೊಪ್ಪನ್ನೂ ಸಮಾಧಾನವನ್ನೂ ನೆಚ್ಚಿ ಕುಳಿತಿರಲಾಗದು. ಎರಡು ಮೂರು ವಾರಗಳವರೆಗೆ ನಿದ್ರೆಯಿಲ್ಲದವನು, ಗೆಳೆಯರನ್ನು ಬಿಟ್ಟು ಮೂಲೆ ಹಿಡಿದವನು, ಸಾವಿನ ಮಾತನ್ನಾಡುವವನು ಕಂಡುಬಂದರೆ ಒಡನೆಯೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗತಕ್ಕದ್ದು. ಅವನನ್ನು ಒಂಟಿಯಾಗಿ ಬಿಡಕೂಡದು. ೧೯೭೪ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಈ ಸೀಮೆಗೆ ದೂರವಲ್ಲ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿಮಾನಸ್ ಎಂಬ ಏರ್ಪಾಡಿನಲ್ಲಿ ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳೂ ದೂರವಾಣಿಯಿಂದ ಮಾತಾಡಬಹುದು. ಅದಕ್ಕೆ ಹಣ ತೆರಬೇಕಾಗಿಲ್ಲ. ರೋಗಿಗೆ ರೋಗನಾಶಕವಾದ ಔಷಧವನ್ನೇ ಕೊಡಬೇಕೆಂಬ ಚರಕದ ವಿಭಾಗವು ಇಲ್ಲಿ ಅಕ್ಷರಶಃ ಸಲ್ಲುವುದು. ಹಾಗೆ ಕರೆದುಕೊಂಡು ಹೋಗುವುದರಿಂದ ಮಠದ ಗೌರವಕ್ಕಾಗಲಿ ಮನೆಯ ಮರ್ಯಾದೆಗಾಗಲಿ ಕುಂದಿಲ್ಲ. ಕೋಡಿಯಮಠದವರು ಎಂಟುನೂರು ವರ್ಷಗಳಿಗೂ ಹಿಂದೆ ಪಾಠಶಾಲೆಯ ಪಕ್ಕದಲ್ಲಿಯೇ ಔಷಧವನ್ನಿಟ್ಟಿದ್ದುದು ಇಂಥ ಹೊತ್ತಿಗಾಗಿಯೇ.

ಮುಂದಿನ ಮಾರ್ಚಿಗೆ ಬೇಕಾದ ಒಂದೆಲಗವನ್ನು ನೆಡತಕ್ಕ ಕಾಲವು ಆಷಾಢದ ಮಳೆಯ ಕಾಲವು. ಮಕ್ಕಳಿಗೆ ಹೇಳತಕ್ಕ ಧೈರ್ಯದ ಮಾತಿಗಾದರೋ ಎಲ್ಲ ಕಾಲವೂ ಸಕಾಲವು. ಇವೆರಡನ್ನೂ ಪರೀಕ್ಷೆಯ ಹಿಂದಿನ ದಿನದವರೆಗೆ ತಡೆದಿಟ್ಟುಕೊಂಡಿರುವ ಮನೆಗೆ ಯಾವ ಸೀಸೆಯಿಂದಲೂ ಪ್ರಯೋಜನವಾಗದು.